ರೋವೀನಾಳ ಬಟ್ಟಲು

ಜನವರಿ 18, ಭಾನುವಾರ

ಬೋರ್‌ವೆಲ್ ಕೊರೆಯುವ ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು, ದಿನಕ್ಕೆರಡು ಸಾಲು ಗೀಚುವ ಚಟ ಮಾತ್ರ ಬಿಟ್ಟಿಲ್ಲ. ಆಗ ಎಲ್ಲಿ ಕಲ್ಲು ಸಿಕ್ಕಿತು, ಎಲ್ಲಿ ನೀರು ಸಿಕ್ಕಿತು ಎಂದು ಬರೆಯುತ್ತಿದ್ದೆ. ಈಗ ಬರೆಯಲು ಇರುವುದು ಹೆಂಡತಿಯ ಕೈಯೊಂದೇ.

ನವೆಂಬರಿನಲ್ಲಿ ಪಾರ್ಶ್ವವಾಯು ಹೊಡೆದ ಮೇಲೆ ರೋವೀನಾ ಇವತ್ತು ಮೊದಲ ಸಲ ಚರ್ಚಿಗೆ ಹೋದಳು. ಮಾತು ಮೊದಲಿನಂತೆಯೇ ಇದೆ, ದೇವರು ದೊಡ್ಡವನು; ನನ್ನನ್ನು ಬೈಯುವುದರಲ್ಲಿ ಏನೂ ಕಡಿಮೆಯಾಗಿಲ್ಲ. ಕಾಲು ಕೋಲಿನ ಆಸರೆಯಲ್ಲಿ ನಡೆಯುತ್ತದೆ. ಬಲಗೈ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಅವಳು ಕಾರು ಓಡಿಸುವಂತಿಲ್ಲ, ಹಾಗಾಗಿ ನಾನೇ ಟ್ರಕ್ಕಿನಲ್ಲಿ ಕರೆದುಕೊಂಡು ಹೋದೆ. ಮದುವೆಯಾದಾಗಿನಿಂದ ಭಾನುವಾರ ಬೆಳಿಗ್ಗೆ ಅವಳು ಆ ಕೆಂಪು ಬಾಗಿಲಿನ ಎಪಿಸ್ಕೋಪಲ್ ಚರ್ಚಿಗೆ, ನಾನು ಗಾಳ ಹಿಡಿದು ಹೊಳೆಗೆ. ಈ ಏರ್ಪಾಡಿನ ಬಗ್ಗೆ ಇಬ್ಬರಿಗೂ ಯಾವತ್ತೂ ತಕರಾರಿರಲಿಲ್ಲ.

"ಒಳಗೆ ಬಾರೋ ಡೆಲ್ಮರ್, ಯಾರೂ ಕಚ್ಚಲ್ಲ," ಅಂದಳು.

"ನಾನಿಲ್ಲೇ ಇರ್ತೀನಿ. ರೇಡಿಯೊ ಇದೆ, ಕಾಫಿ ಇದೆ. ನೀನು ಹೋಗ್ಬಾ."

ವಾಪಸು ಬರುವಾಗ ಟ್ರಕ್ಕಿನಲ್ಲಿ ಅವಳು ಹೇಳಿದ್ದು ಒಂದೇ ಮಾತು. ಈಸ್ಟರ್ ಹಬ್ಬದ ದಿನ ಬಟ್ಟಲು ಹಿಡಿಯಬೇಕಂತೆ. ಅವರ ಚರ್ಚಿನಲ್ಲಿ ಪಾದ್ರಿ ರೊಟ್ಟಿ ಕೊಡುತ್ತಾ ಮುಂದೆ ಹೋದರೆ, ಹಿಂದೆಯೇ ಸಭೆಯವರೊಬ್ಬರು ದ್ರಾಕ್ಷಾರಸದ ಬೆಳ್ಳಿ ಬಟ್ಟಲು ಹಿಡಿದು ಬರುತ್ತಾರೆ. ಎಲ್ಲರಿಗೂ ಅದೊಂದೇ ಬಟ್ಟಲು. ಆ ಕೆಲಸವನ್ನು ರೋವೀನಾ ಎಷ್ಟೋ ವರ್ಷಗಳಿಂದ ಮಾಡುತ್ತಾ ಬಂದಿದ್ದಾಳೆ.

"ಈ ಕೈಯಲ್ಲಾ?" ಎಂದುಬಿಟ್ಟೆ. ನನ್ನ ನಾಲಿಗೆಗೆ ಎಲುಬಿಲ್ಲ. ಅವಳು ಆ ಕೈಯನ್ನು ಕೋಟಿನ ಜೇಬಿಗೆ ಸೇರಿಸಿಕೊಂಡಳು.

ಜನವರಿ 25, ಭಾನುವಾರ

ಟ್ರಕ್ಕಿನ ಹೀಟರು ಕೆಟ್ಟಿತು. ಹೊರಗೆ ಮೂಗು ಉದುರಿಹೋಗುವಂಥ ಚಳಿ. ಚಳಿಗೆ ಒಳಗೆ ಹೋದದ್ದು, ಬೇರೆ ಕಾರಣವಿಲ್ಲ.

ಬಾಗಿಲಲ್ಲಿ ಥರ್ಮನ್ ಐಸನ್ ನಿಂತಿದ್ದ. ಹಿಂದೆ ಇವನ ಅಂಗಡಿಯಲ್ಲೇ ನಾನು ಕೊಳವೆ ಕೊಳ್ಳುತ್ತಿದ್ದದ್ದು. ನನ್ನನ್ನು ಕಂಡು ಕಣ್ಣರಳಿಸಿದ. ಕೈಗೆ ಒಂದು ಹಾಳೆ ಕೊಟ್ಟ. ಅದರಲ್ಲಿ ಇಡೀ ಪೂಜೆಯ ಕ್ರಮ ಅಚ್ಚಾಗಿತ್ತು, ಆದರೂ ಮುಂದಿನ ಬೆಂಚಿನ ಬೆನ್ನಿನಲ್ಲಿ ಎರಡು ಪುಸ್ತಕಗಳಿದ್ದವು. ಕೆಂಪು ರಟ್ಟಿನದು ಪ್ರಾರ್ಥನೆಗೆ, ನೀಲಿ ರಟ್ಟಿನದು ಹಾಡಿಗೆ. ನಾನು ಕೆಂಪು ತೆರೆದಾಗ ಎಲ್ಲರೂ ನೀಲಿಯಲ್ಲಿದ್ದರು. ನೀಲಿ ಹಿಡಿಯುವಷ್ಟರಲ್ಲಿ ಹಾಡು ಮುಗಿದು ಎಲ್ಲರೂ ಕೂತಿದ್ದರು. ಕೂರುತ್ತಾರೆ, ಏಳುತ್ತಾರೆ, ಮಂಡಿಯೂರುತ್ತಾರೆ. ಯಾರೂ ಅಪ್ಪಣೆ ಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ನಮ್ಮಮ್ಮನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಒಂದು ಸಲ ಕೂತರೆ ನಿದ್ದೆ ಮುಗಿಸಿಯೇ ಏಳುತ್ತಿದ್ದದ್ದು.

ಪಾದ್ರಿ ಹೆಂಗಸು. ಮದರ್ ತೀಯಾ ಅನ್ನುತ್ತಾರೆ, ನನ್ನ ಮಗಳ ವಯಸ್ಸು. ಉಪದೇಶ ಬೇಗ ಮುಗಿಸಿದರು. ಅದು ನನಗೆ ಹಿಡಿಸಿತು.

ಆಮೇಲೆ ಆದದ್ದು ಬರೆಯಲು ನಾಚಿಕೆ. ಪಾದ್ರಿ "ಸಮಾಧಾನ" ಎಂದೇನೋ ಅಂದರು. ಇದ್ದಕ್ಕಿದ್ದಂತೆ ಎಲ್ಲರೂ ಜಾಗ ಬಿಟ್ಟು ಎದ್ದರು. ಕೈ ಕುಲುಕುತ್ತಾರೆ, ತಬ್ಬಿಕೊಳ್ಳುತ್ತಾರೆ, ಈ ತುದಿಯಿಂದ ಆ ತುದಿಗೆ ಓಡಾಡುತ್ತಾರೆ, ಮಂಡಿನೋವು, ನಾಯಿಮರಿ, ಮೊಮ್ಮಕ್ಕಳು ಎಲ್ಲದರ ಮಾತೂ ಬಂತು. ಸರಿ, ಮುಗಿಯಿತು ಎಂದುಕೊಂಡೆ. ಸಿಕ್ಕಿದವರ ಕೈ ಕುಲುಕಿ, ಟೋಪಿ ಹಾಕಿಕೊಂಡು ಹೊರಗೆ ಬಂದು, ಗಾಜಿನ ಮೇಲಿನ ಹಿಮ ಕೆರೆದು, ಟ್ರಕ್ಕನ್ನು ಬಾಗಿಲಿಗೇ ತಂದು ನಿಲ್ಲಿಸಿದೆ. ಯಾರೂ ಬರಲಿಲ್ಲ. ಕಾದೆ. ಒಳಗಿನಿಂದ ಹಾಡು ಕೇಳಿಸಿತು. ಕೊನೆಗೆ ಥರ್ಮನ್ ಕೋಟೂ ಇಲ್ಲದೆ ಓಡಿಬಂದ.

"ಏನಯ್ಯಾ ಡೆಲ್ಮರ್, ಎಲ್ಲಿಗೆ ಹೊರಟೆ? ಇನ್ನೂ ರೊಟ್ಟಿ-ರಸದ ಊಟಾನೇ ಬಡಿಸಿಲ್ಲ!"

"ಎಲ್ಲಾ ಎದ್ದು ಟಾಟಾ ಹೇಳಿದ್ರಲ್ಲೋ!"

"ಅದು ಸಮಾಧಾನ ಹೇಳ್ಕೊಳ್ಳೋದು ಕಣಯ್ಯಾ. ಪೂಜೆ ಇನ್ನೂ ಅರ್ಧ ದಾರೀಲಿದೆ. ಬಾ ಒಳಗೆ, ನಂಗೆ ಚಳಿ."

ಮತ್ತೆ ಒಳಗೆ ನಡೆದಾಗ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ರೋವೀನಾ ಕರವಸ್ತ್ರ ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ಮನೆಯವರೆಗೂ ನಕ್ಕಳು, ಸೂಪು ಕುಡಿಯುವಾಗಲೂ ನಕ್ಕಳು. ನವೆಂಬರಿನಿಂದ ಅವಳು ಹೀಗೆ ನಕ್ಕದ್ದು ನಾನು ನೋಡಿರಲಿಲ್ಲ. ಅವಳು ನಗುವುದಾದರೆ ವಾರಕ್ಕೊಂದು ತಪ್ಪು ಮಾಡಲು ನಾನು ತಯಾರು.

ಜನವರಿ 27, ಮಂಗಳವಾರ

ಅಡುಗೆಮನೆಯಲ್ಲಿ ಅಭ್ಯಾಸ ಶುರು. ನನ್ನ ಬಿಯರ್ ಮಗ್ಗಿಗೆ ನೀರು ತುಂಬಿಸಿ, ಕುರ್ಚಿಗಳನ್ನು ಸಾಲಾಗಿ ಇಟ್ಟು, ಒಂದೊಂದು ಕುರ್ಚಿಗೂ ಭಕ್ತಿಯಿಂದ ಕುಡಿಸುತ್ತಾಳೆ. ಮೂರನೆಯ ಕುರ್ಚಿಗೆ ಪೂರ್ತಿ ಸ್ನಾನವಾಯಿತು. ನೆಲ ಒರೆಸುವವನು ನಾನು.

ಫೆಬ್ರವರಿ 1, ಭಾನುವಾರ

ಹೀಟರು ರಿಪೇರಿಯಾಗಿದೆ. ಆದರೂ ಒಳಗೆ ಹೋದೆ, ರೋವೀನಾಳಿಗೆ ಮೆಟ್ಟಿಲಲ್ಲಿ ತೋಳು ಬೇಕು.

ಅವಳು ಹಾಡುವವರ ಸಾಲಿಗೆ ಹೋದಳು, ನಾನು ಖಾಲಿಯಿದ್ದ ಒಂದು ಬೆಂಚಿನಲ್ಲಿ ಕೂತೆ. ಕೂತ ಮೇಲೆ ಎಲ್ಲರ ಮುಖ ನೋಡಿ ಏನೋ ಎಡವಟ್ಟಾಗಿದೆ ಅನ್ನಿಸಿತು. ಅಷ್ಟರಲ್ಲಿ ಅಗಾಥಾ ಪ್ರುಯಿಟ್ ಬಂದಳು. ಎಂಬತ್ತು ದಾಟಿದ ಹೆಂಗಸು, ಚರ್ಚಿನ ಬಟ್ಟೆಬರೆ, ಬೆಳ್ಳಿ, ಮೇಣದಬತ್ತಿ ಎಲ್ಲ ಅವಳ ಸುಪರ್ದಿ. ನಾನು ಕೂತದ್ದು ಅವಳ ಅಜ್ಜಿಯ ಕಾಲದಿಂದ ಅವರದ್ದೇ ಆದ ಬೆಂಚು. ಉಳಿದ ಬೆಂಚೆಲ್ಲ ಖಾಲಿಯಿದ್ದರೂ ನನ್ನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಂತೆ ಕೂತಳು.

"ಎದ್ದು ಹೋಗ್ಲಾ?" ಎಂದು ಪಿಸುಗುಟ್ಟಿದೆ.

"ಕೂತ್ಕೋ ಅಪ್ಪಾ. ಹೊಸಬರು ಎಲ್ಲಿ ಬೇಕಾದ್ರೂ ಕೂರ್ಬಹುದು. ಹಾಗಂತ ಹಾಳೇಲಿ ಹಾಕಿಸಿದಾರೆ." ಹಾಳೆಯಲ್ಲಿ ಹಾಕಿಸಿದ್ದು ತನಗೆ ಒಪ್ಪಿಗೆಯಿಲ್ಲ ಎಂಬುದು ಅವಳ ಧ್ವನಿಯಲ್ಲೇ ಇತ್ತು. ಆದರೆ ಪೂಜೆ ಮುಗಿಯುವವರೆಗೂ ನನ್ನ ಪುಸ್ತಕದ ಪುಟ ಅವಳೇ ತಿರುವಿಕೊಟ್ಟಳು. ಮಂಡಿಯೂರುವಾಗ ಮೊಣಕೈಯಿಂದ ತಿವಿದಳು, ಏಳುವಾಗ ಇನ್ನೊಂದು ಸಲ ತಿವಿದಳು. ನನಗೆ ಇದೇ ಅನುಕೂಲ.

ಪೂಜೆಗೆ ಮುಂಚೆ ಮದರ್ ತೀಯಾ ಬಂದು ಕೇಳಿದ್ದರು, "ಕಾಂಬ್ಸ್ ಅವ್ರೇ, ನಿಮಗೆ ದೀಕ್ಷಾಸ್ನಾನ ಆಗಿದ್ಯಾ?"

"ಹನ್ನೆರಡನೇ ವಯಸ್ಸಲ್ಲಿ ಹೊಳೇಲಿ ಮುಳುಗಿಸಿದ್ರು. ಮೂಗಿಗೆಲ್ಲ ನೀರು ಹೋಗಿತ್ತು."

"ಹಾಗಿದ್ರೆ ಏನೂ ಅಡ್ಡಿಯಿಲ್ಲ. ಬೇಕಾದ್ರೆ ರೊಟ್ಟಿ, ರಸ ತಗೊಳ್ಳಿ. ಬೇಡ್ವಾ, ಎದೆ ಮೇಲೆ ಕೈ ಕಟ್ಕೊಳ್ಳಿ, ಹರಸ್ತೀನಿ. ಅದೂ ಬೇಡ್ವಾ, ಕೂತಲ್ಲೇ ಕೂತಿರಿ. ಯಾರೂ ಏನೂ ಅಂದ್ಕೊಳ್ಳಲ್ಲ."

ಕೂತಿರುವುದೆಂದೇ ಇದ್ದೆ. ಆದರೆ ರೋವೀನಾಳನ್ನು, ರೊಟ್ಟಿ-ರಸಕ್ಕಾಗಿ ಎಲ್ಲರೂ ಮಂಡಿಯೂರುವ ಮುಂದಿನ ಕಟಕಟೆಯವರೆಗೆ ನಡೆಸಿಕೊಂಡು ಹೋಗಬೇಕಿತ್ತು. ಅವಳ ಪಕ್ಕದಲ್ಲಿ ಮಂಡಿಯೂರಿ ಎದೆಯ ಮೇಲೆ ಕೈ ಕಟ್ಟಿಕೊಂಡೆ. ಬ್ಯಾಪ್ಟಿಸ್ಟರು ಮದ್ಯ ಮುಟ್ಟುವುದಿಲ್ಲ, ಚರ್ಚಿನಲ್ಲಿ ದ್ರಾಕ್ಷಾರಸ ಕುಡಿದೆನೆಂದು ತಿಳಿದರೆ ನಮ್ಮಮ್ಮ ಸಮಾಧಿಯಿಂದ ಎದ್ದು ಬರುತ್ತಾಳೆ. ಹೊರಗೆ ಬಿಯರ್ ಕುಡಿಯುವುದು ಬೇರೆ ವಿಷಯ. ಪಾದ್ರಿ ನನ್ನ ತಲೆಯ ಮೇಲೆ ಕೈಯಿಟ್ಟು ಏನೋ ಹೇಳಿದರು. ಬೆಚ್ಚಗಿನ ಕೈ. ಹಿಂದೆ ಥರ್ಮನ್ ಬಟ್ಟಲು ಹಿಡಿದು ಬರುತ್ತಿದ್ದ. ಬಟ್ಟಲನ್ನು ಯಾರೂ ಕೈಗೆ ತೆಗೆದುಕೊಳ್ಳುವುದಿಲ್ಲ. ಹಿಡಿದವರ ಕೈಯಲ್ಲೇ ಇರುತ್ತದೆ, ಕುಡಿಯುವವರು ಅದರ ಬುಡಕ್ಕೆ ಬೆರಳು ಕೊಟ್ಟು ಬಾಯಿಗೆ ತಂದುಕೊಳ್ಳುತ್ತಾರೆ. ಕೈ ಕಟ್ಟಿಕೊಂಡವರನ್ನು ಬಿಟ್ಟು ಬಟ್ಟಲು ಮುಂದಕ್ಕೆ ಹೋಗುತ್ತದೆ. ರೋವೀನಾ ಅದನ್ನು ನೋಡಿದ ರೀತಿ, ಬೇರೆಯವರ ತೊಡೆಯ ಮೇಲಿರುವ ತನ್ನ ಮಗುವನ್ನು ನೋಡಿದಂತೆ ಇತ್ತು.

ಮುಗಿದ ಮೇಲೆ ಕೆಳಗಿನ ಕೋಣೆಯಲ್ಲಿ ಕಾಫಿ, ಒಣಗಿದ ಕೇಕು. ಮೂರು ಜನ ಬೇರೆ ಬೇರೆಯಾಗಿ ನನ್ನ ಹೆಸರು ಕೇಳಿದರು. ಇದು ಪೂಜೆಯ ಭಾಗವೇ ಅಂತೆ.

ಫೆಬ್ರವರಿ 17, ಮಂಗಳವಾರ

ನಾಳೆಯಿಂದ ತಪಸ್ಸುಕಾಲ, ಈಸ್ಟರಿನವರೆಗೆ ನಲವತ್ತು ದಿನದ ವ್ರತ, ಹಾಗಾಗಿ ಇವತ್ತು ರಾತ್ರಿಯ ಊಟಕ್ಕೆ ಚರ್ಚಿನಲ್ಲಿ ಪ್ಯಾನ್‌ಕೇಕ್. ಮನೆಯ ಬೆಣ್ಣೆ, ಸಕ್ಕರೆ ಎಲ್ಲ ಖಾಲಿ ಮಾಡುವ ನೆವ. ಥರ್ಮನ್ ಹಂಚಿನ ಮುಂದೆ ನಿಂತಿದ್ದ, ಒಂದೊಂದೂ ಇದ್ದಿಲಾಗಿತ್ತು. ನೋಡಿ ಸುಮ್ಮನಿರಲಾಗಲಿಲ್ಲ. "ಆಚೆ ಸರಿಯೋ, ಹಿಟ್ಟಿಗೂ ಜೀವ ಇದೆ," ಎಂದು ಸಟ್ಟುಗ ಕಿತ್ತುಕೊಂಡೆ. ಇಡೀ ಊರು ತಿಂದಿತು. ಅಗಾಥಾ ಎರಡನೆಯ ಸಲ ತಟ್ಟೆ ಹಿಡಿದು ಬಂದಳು. "ನಿನ್ನ ಕೈಗೆ ಕೆಲಸ ಗೊತ್ತು," ಅಂದಳು. ಅವಳ ಬಾಯಲ್ಲಿ ಅದು ಬಿರುದು.

ರೋವೀನಾ ಎಡಗೈಯಲ್ಲಿ ಶರಬತ್ತಿನ ಜಗ್ಗು ಹಿಡಿದು ಎಲ್ಲರಿಗೂ ಬಡಿಸಿದಳು. ಆಮೇಲೆ ಯಾರೂ ನೋಡದಾಗ ಬಲಗೈಗೆ ಬದಲಾಯಿಸಿದಳು. ನಾನು ನೋಡಿದೆ. ಮೇಜುಬಟ್ಟೆಯ ಮೇಲೆ ಸ್ವಲ್ಪ ಚೆಲ್ಲಿತು, ಅಷ್ಟೆ.

ಫೆಬ್ರವರಿ 18, ಬೂದಿ ಬುಧವಾರ

ಹಣೆಗೆ ಬೂದಿ ಹಚ್ಚಿ, ನೀನು ಮಣ್ಣು ಎಂದು ನೆನಪಿಸಿದರು. ಬಾವಿ ಕೊರೆದವನಿಗೆ ಇದನ್ನು ಹೇಳಬೇಕೇ? ಪೆಟ್ರೋಲ್ ಬಂಕಿನ ಹುಡುಗಿ, "ಅಂಕಲ್, ಹಣೆ ಮೇಲೆ ಗ್ರೀಸ್," ಅಂದಳು. ಒರೆಸಿಕೊಳ್ಳಬಹುದಿತ್ತು. ಒರೆಸಿಕೊಳ್ಳಲಿಲ್ಲ.

ಫೆಬ್ರವರಿ 22, ಭಾನುವಾರ

ಹಾಡು ಚೆನ್ನಾಗಿತ್ತು, ಕೊನೆಯಲ್ಲಿ ಹಳೆಯ ಅಭ್ಯಾಸದಂತೆ ಗಟ್ಟಿಯಾಗಿ "ಹಲ್ಲೆಲೂಯ!" ಅಂದೆ. ಇಡೀ ಚರ್ಚು ತಿರುಗಿ ನೋಡಿತು. ಈಸ್ಟರಿನವರೆಗೆ ಆ ಮಾತನ್ನು ಯಾರೂ ಆಡುವಂತಿಲ್ಲವಂತೆ. ಅಗಾಥಾ ಎಷ್ಟು ಜೋರಾಗಿ ತಿವಿದಳೆಂದರೆ ಪಕ್ಕೆಲುಬು ಈಗಲೂ ನೋಯುತ್ತಿದೆ. ರೋವೀನಾ ಮತ್ತೆ ದಿನವಿಡೀ ನಕ್ಕಳು.

ಫೆಬ್ರವರಿ 28, ಶನಿವಾರ

ಅಗಾಥಾ ಫೋನು ಮಾಡಿ ಕರೆಸಿಕೊಂಡಳು. ಪೂಜೆಯ ಸಾಮಾನಿಡುವ ಕೋಣೆಯ ಮೂಲೆಯಲ್ಲಿ ಮುಚ್ಚಳವಿರುವ ಪುಟ್ಟ ತೊಟ್ಟಿಯೊಂದಿದೆ. ನೀರು ಇಳಿಯುತ್ತಿರಲಿಲ್ಲ.

"ಚರಂಡಿ ಕೊಳವೆ ಎಲ್ಲಿ ಸೇರುತ್ತೆ?" ಎಂದು ಕೇಳಿದೆ.

"ಚರಂಡಿಗೆ ಸೇರಲ್ಲ. ಬಟ್ಟಲು ತೊಳೆದ ನೀರು, ಬಟ್ಟಲು ಒರೆಸಿದ ಬಟ್ಟೆ ತೊಳೆದ ನೀರು, ಎಲ್ಲಾ ನೇರ ಮಣ್ಣಿಗೆ ಹೋಗ್ಬೇಕು."

"ಯಾಕೆ?"

"ಯಾಕೆ ಅಂದ್ರೆ? ಅದನ್ನ ಕೊಳಚೆಗೆ ಬಿಡೋಕಾಗುತ್ತಾ?" ಎಂದು ಕಣ್ಣು ಕೆಂಪಗೆ ಮಾಡಿದಳು.

ಕಿಟಕಿಯ ಕೆಳಗೆ ಅಗೆದೆ. ಮೇಪಲ್ ಮರದ ಬೇರು ಕೊಳವೆಯೊಳಗೆ ಮನೆ ಮಾಡಿಕೊಂಡಿತ್ತು. ಕತ್ತರಿಸಿ ತೆಗೆದು, ಹೊಸ ತುಂಡು ಜೋಡಿಸಿ, ಸುತ್ತ ಜಲ್ಲಿ ಹಾಕಿದೆ. ಜೀವಮಾನವೆಲ್ಲ ಮಣ್ಣಿನಿಂದ ನೀರನ್ನು ಮೇಲಕ್ಕೆ ಎಳೆದವನು ನಾನು. ಇಷ್ಟು ಮರ್ಯಾದೆಯಿಂದ ನೀರನ್ನು ಮಣ್ಣಿಗೆ ಕಳಿಸಿಕೊಡುವವರನ್ನು ಈಗಲೇ ನೋಡಿದ್ದು. ಮನಸ್ಸಿಗೆ ಹಿತವಾಯಿತು.

ಕೈ ತೊಳೆಯುವಾಗ ಅಗಾಥಾ ಕೇಳಿದಳು, "ರೋವೀನಾ ಕೈ ಹೇಗಿದೆ? ನಿಜ ಹೇಳು."

"ಚೆನ್ನಾಗಿದೆ," ಅಂದೆ. ಕೋಲಂತೂ ಮೂಲೆ ಸೇರಿದೆ, ಅದು ನಿಜ. ಕೈಯ ವಿಷಯ ನಿಜವಲ್ಲ. ನಿನ್ನೆ ನಾಲ್ಕನೆಯ ಕುರ್ಚಿಯವರೆಗೆ ಬಂದಳು. ಈಸ್ಟರ್ ದಿನ ಕಟಕಟೆಗೆ ನೂರು ಜನ ಬರುತ್ತಾರೆ.

ಮಾರ್ಚ್ 11, ಬುಧವಾರ

ಬುಧವಾರ ಮಧ್ಯಾಹ್ನದ ಪೂಜೆಗೆ ಬರುವವರು ಬೆರಳೆಣಿಕೆಯಷ್ಟು ಜನ. ಈಸ್ಟರಿಗೆ ಮುಂಚೆ ಒಮ್ಮೆ ಇಲ್ಲಿ ಹಿಡಿದು ನೋಡಲಿ ಎಂದು ಮದರ್ ತೀಯಾ ಹೇಳಿದ್ದರು. ರೋವೀನಾ ಬೆಳಿಗ್ಗೆಯೇ ಕೂದಲು ಬಾಚಿ ಕೂತಿದ್ದಳು.

ಮೊದಲ ಮೂವರಿಗೆ ಸರಿಯಾಗಿ ಕೊಟ್ಟಳು. ನನ್ನ ಎದೆ ಹಗುರವಾಗತೊಡಗಿತ್ತು. ನಾಲ್ಕನೆಯವನು ಥರ್ಮನ್. ಅವನು ಬುಡಕ್ಕೆ ಬೆರಳು ಕೊಡುವ ಮೊದಲೇ ಅವಳ ಮಣಿಕಟ್ಟು ಮಡಚಿಕೊಂಡಿತು. ರಸ ಅವನ ಟೈ ಮೇಲೆ, ಕಟಕಟೆಯ ಬಿಳಿ ಬಟ್ಟೆಯ ಮೇಲೆ, ಕೆಳಗೆ ಜಮಖಾನದ ಮೇಲೆ.

ಮದರ್ ತೀಯಾ ತಟ್ಟೆ ಕೆಳಗಿಟ್ಟು, ಬಟ್ಟಲನ್ನು ಮೆಲ್ಲಗೆ ತೆಗೆದುಕೊಂಡು, ಚೆಲ್ಲಿದ ಜಾಗದ ಮೇಲೆ ಬಿಳಿ ಬಟ್ಟೆ ಹಾಸಿ ಮಂಡಿಯೂರಿ ಒತ್ತಿದರು. ನಮ್ಮ ಮನೆಯಲ್ಲಿ ನೀರು ಚೆಲ್ಲಿದರೆ ಒರೆಸುವುದು, ಇಲ್ಲಿ ಹಾಗಲ್ಲ.

"ಈ ಟೈ ನಂಗೆ ಮೊದ್ಲಿಂದ್ಲೂ ಹಿಡಿಸ್ತಿರ್ಲಿಲ್ಲ," ಎಂದ ಥರ್ಮನ್. ಒಳ್ಳೆಯ ಮನುಷ್ಯ. ಯಾರೊಬ್ಬರೂ ಒಂದು ಕೆಟ್ಟ ಮಾತಾಡಲಿಲ್ಲ. ಬೈದಿದ್ದರೆ ರೋವೀನಾ ಜಗಳವಾಡಿ ಹಗುರಾಗುತ್ತಿದ್ದಳೇನೋ. ಅವಳ ಮುಖ ನೋಡಲಾಗಲಿಲ್ಲ.

ಮಾರ್ಚ್ 12, ಗುರುವಾರ

ಅಭ್ಯಾಸವಿಲ್ಲ. ಮಗ್ಗನ್ನು ಅವಳೇ ಕಪಾಟಿನ ಮೇಲೆ, ಹಿಂದಕ್ಕೆ ತಳ್ಳಿ ಇಟ್ಟಳು.

ಮಾರ್ಚ್ 15, ಭಾನುವಾರ

ರೋವೀನಾ ಏಳಲಿಲ್ಲ. "ನಾನು ಹೋಗಲ್ಲ. ಈಸ್ಟರಿಗೂ ಹೆಸರು ತೆಗೆದುಬಿಡಿ ಅಂತ ತೀಯಾಗೆ ಹೇಳು," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಯಾರೋ ಕಳಿಸಿದ್ದ ಊಟದ ಗಾಜಿನ ಪಾತ್ರೆ ಹಿಂದಿರುಗಿಸಬೇಕಿತ್ತು. ಹಾಗಾಗಿ ನಾನೊಬ್ಬನೇ ಹೋದೆ. ಪಾತ್ರೆ ಕೊಟ್ಟು ಬರಬಹುದಿತ್ತು, ಆದರೆ ಅಷ್ಟರಲ್ಲಿ ಗಂಟೆ ಹೊಡೆಯಿತು, ಮಧ್ಯದಲ್ಲಿ ಎದ್ದು ಬರುವುದು ಚೆನ್ನಾಗಿರುವುದಿಲ್ಲ. ಅಗಾಥಾ ಏನೂ ಕೇಳದೆ ಬೆಂಚಿನಲ್ಲಿ ಸರಿದು ಜಾಗ ಕೊಟ್ಟಳು. ಇವತ್ತು ಒಂದು ಸಲವೂ ತಿವಿಯಲಿಲ್ಲ. ಕೆಂಪು, ನೀಲಿ ಎಲ್ಲ ಸರಿಯಾಗಿಯೇ ಇತ್ತು ಅನ್ನಿಸುತ್ತದೆ.

ಅವರ ಪ್ರಾರ್ಥನೆಯ ನಡುವೆ ಓದುವವರು ನಿಲ್ಲಿಸಿ ಒಂದಿಷ್ಟು ಮೌನ ಬಿಡುತ್ತಾರೆ. ಕಾಯಿಲೆಯವರ ಹೆಸರನ್ನು ಯಾರು ಬೇಕಾದರೂ ಕೂಗಿ ಹೇಳಬಹುದು. ಅಲ್ಲಿ ಒಂದು ಹೆಸರು, ಇಲ್ಲಿ ಒಂದು ಹೆಸರು ಕೇಳಿಸಿತು. ಆಮೇಲೆ "ರೋವೀನಾ" ಎಂದು ಯಾರೋ ಒರಟು ದನಿಯಲ್ಲಿ ಅಂದರು. ಅದು ನಾನೇ. ಕಣ್ಣಲ್ಲಿ ನೀರು ಬಂತು. ಯಾಕೆ ಸುಳ್ಳು ಬರೆಯಲಿ, ಬಂತು.

ಕಟಕಟೆಗೆ ಹೋಗಿ ಎಂದಿನಂತೆ ಕೈ ಕಟ್ಟಿ ಮಂಡಿಯೂರಿದೆ. ನಡೆಸಿಕೊಂಡು ಹೋಗಲು ಯಾರೂ ಇರಲಿಲ್ಲ, ಆದರೂ ಎಲ್ಲರೂ ಎದ್ದಾಗ ಒಬ್ಬನೇ ಕೂತಿರುವುದು ಹೇಗೆ?

ಹೆಸರು ತೆಗೆಯಲು ಮದರ್ ತೀಯಾಗೆ ಹೇಳುವುದು ಮರೆತೆ.

ಮಾರ್ಚ್ 17, ಮಂಗಳವಾರ

ಮಧ್ಯಾಹ್ನ ಅಗಾಥಾ ಬಂದಳು. ಕೋಟು ಬಿಚ್ಚದೆ, ಕಾಫಿಯೂ ಬೇಡವೆಂದು, ಕೈಚೀಲದಿಂದ ಇಸ್ತ್ರಿ ಮಾಡಿದ ಕಟಕಟೆಯ ಬಿಳಿ ಬಟ್ಟೆ ತೆಗೆದು ರೋವೀನಾಳ ಮುಂದೆ ಅಡುಗೆಮನೆಯ ಮೇಜಿನ ಮೇಲೆ ಹಾಸಿದಳು.

"ಕಲೆ ಎಲ್ಲಿದೆ, ತೋರ್ಸು."

ರೋವೀನಾ ನೋಡಿದಳು. ನಾನೂ ಬಗ್ಗಿ ನೋಡಿದೆ. ಇರಲಿಲ್ಲ.

"ಹೋಯ್ತಲ್ಲ ಅಂತ ನಾನು ಮತ್ತೆ ಚೆಲ್ಲೋಕಾಗುತ್ತಾ ಅಗಾಥಾ?"

"ನನ್ನ ಮಾತು ಕೇಳು. ಇಷ್ಟು ವರ್ಷ ಈ ಬಟ್ಟೆ ತೊಳೆದಿದೀನಿ. ಕಲೆ ಮಾಡದೆ ಇರೋ ಒಬ್ಬ ಪಾದ್ರೀನೂ ಈ ಚರ್ಚಿಗೆ ಬಂದಿಲ್ಲ."

"ಪಾದ್ರಿಗಳ ಕೈ ನಡುಗಲ್ಲ."

"ನಡುಗಲ್ಲ. ಗಮನಾನೂ ಇರಲ್ಲ. ಅವ್ರಿಗಿಂತ ನಡುಗೋ ಕೈನೇ ವಾಸಿ."

ರೋವೀನಾಳಿಗೆ ನಗು ಬಂತು, ತಡೆದುಕೊಂಡಳು. "ಈಸ್ಟರ್ ದಿನ ಊರೆಲ್ಲ ಇರುತ್ತೆ, ಹೊಸಬರು ಬಂದಿರ್ತಾರೆ. ಅವತ್ತು ಚೆಲ್ಲಿದ್ರೆ?"

"ಚೆಲ್ಲಿದ್ರೆ ತೊಳೀತೀನಿ. ನಿನ್ನ ಗಂಡ ಕೊಳವೆ ಸರಿ ಮಾಡಿಕೊಟ್ಟಿದಾನಲ್ಲ, ಸುಮ್ನೆ ಯಾಕಿರ್ಬೇಕು ಅದು?" ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ನನಗೆ ಮಾತ್ರ ಕೇಳುವಂತೆ, "ಕೈ ಚೆನ್ನಾಗಿದೆ ಅಂದ್ಯಲ್ಲೋ ಸುಳ್ಳುಬುರುಕ," ಎಂದು ಹೋದಳು.

ಊಟವಾದ ಮೇಲೆ ರೋವೀನಾ ಕುರ್ಚಿಗಳನ್ನು ಎಳೆಯುವ ಸದ್ದು ಕೇಳಿಸಿತು. ಮಗ್ಗು ಅವಳಿಗೆ ಎಟುಕುತ್ತಿರಲಿಲ್ಲ. ನಾನು ತೆಗೆದುಕೊಟ್ಟೆ.

ಮಾರ್ಚ್ 29, ಗರಿಗಳ ಭಾನುವಾರ

ಎಲ್ಲರ ಕೈಗೂ ಗರಿ ಕೊಟ್ಟು ಬೀದಿಯಲ್ಲಿ ಮೆರವಣಿಗೆ ಮಾಡಿಸಿದರು. ಹೊಳೆಗೆ ಹೊರಟಿದ್ದ ನನ್ನ ಹಳೆಯ ಜೊತೆಗಾರರು ಕಾರು ನಿಧಾನ ಮಾಡಿ ಹಾರ್ನ್ ಹೊಡೆದು ಹಲ್ಲು ಕಿರಿದರು. ನಾನೂ ಗರಿ ಬೀಸಿದೆ. ಮೀನು ಚೆನ್ನಾಗಿ ಸಿಗುತ್ತಿದೆಯಂತೆ. ಗಾಳ ಎಲ್ಲಿಟ್ಟಿದ್ದೇನೋ ಹುಡುಕಬೇಕು.

ಏಪ್ರಿಲ್ 4, ಶನಿವಾರ

ಆರು ಕುರ್ಚಿಗೆ ಒಂದು ಹನಿಯೂ ಇಲ್ಲ. ಏಳನೆಯದಕ್ಕೆ ಚೆಲ್ಲಿತು. ಮತ್ತೆ ಮಾಡಿದಳು, ಐದಕ್ಕೇ ಚೆಲ್ಲಿತು. ದಣಿದಷ್ಟೂ ನಡುಕ ಹೆಚ್ಚು. "ಸಾಕು ಬಿಡೇ," ಅಂದೆ. ಬಟ್ಟಲು ಹಿಡಿಯುವವರು ತೊಡುವ ಬಿಳಿ ನಿಲುವಂಗಿಗೆ ತಾನೇ ಇಸ್ತ್ರಿ ಮಾಡಿದಳು, ಎಡಗೈಯಲ್ಲಿ. ನನ್ನ ಅಂಗಿಗೂ ಮಾಡಿದಳು.

ಏಪ್ರಿಲ್ 5, ಈಸ್ಟರ್

ನಿಧಾನವಾಗಿ ಬರೆಯಬೇಕು.

ಚರ್ಚು ಕಿಕ್ಕಿರಿದಿತ್ತು. ಲಿಲ್ಲಿ ಹೂವಿನ ವಾಸನೆಗೆ ಎಲ್ಲರೂ ಸೀನುತ್ತಿದ್ದರು. ಬೀಗ ಹಾಕಿಟ್ಟಿದ್ದ ಹಲ್ಲೆಲೂಯವನ್ನು ಇವತ್ತು ಎಲ್ಲರೂ ಗಂಟಲು ಹರಿಯುವಂತೆ ಕೂಗಿದರು, ಅಗಾಥಾಳೂ ಕೂಗಿದಳು. ನನ್ನ ಇನ್ನೊಂದು ಪಕ್ಕದಲ್ಲಿ ಚರ್ಚಿಗೆ ಹೊಸಬರಾದ ಗಂಡಹೆಂಡತಿ, ಪಾಪ, ಕೆಂಪು ಪುಸ್ತಕ ಹಿಡಿದು ಹಾಡು ಹುಡುಕುತ್ತಿದ್ದರು. ನೀಲಿ ತೆಗೆದು ಪುಟ ತೋರಿಸಿದೆ. "ನೀವು ಇಲ್ಲಿಯವರಾ?" ಎಂದು ಆ ಹುಡುಗ ಕೇಳಿದ. "ಇಲ್ಲಪ್ಪ, ನಾನು ಹೆಂಡ್ತೀನ ಬಿಡೋಕೆ ಬಂದವನು," ಅಂದೆ. ಅಗಾಥಾ ಯಾಕೋ ಕೆಮ್ಮಿದಳು.

ರೋವೀನಾ ಬಿಳಿ ನಿಲುವಂಗಿಯಲ್ಲಿ ಮೇಲೆ, ಪೂಜೆಯ ಮೇಜಿನ ಪಕ್ಕ ಕೂತಿದ್ದಳು. ಅವಳ ಬಲಗೈ ಎಡಗೈಯ ಕೆಳಗೆ ಅಡಗಿತ್ತು. ಪೂಜೆಯಲ್ಲಿ ಏನಾಯಿತೆಂದು ಕೇಳಿದರೆ ನನಗೆ ಗೊತ್ತಿಲ್ಲ, ನಾನು ಆ ಕೈಯನ್ನೇ ನೋಡುತ್ತಿದ್ದೆ.

ಜನ ಸಾಲುಸಾಲಾಗಿ ಕಟಕಟೆಗೆ ಹೋಗತೊಡಗಿದರು. ಮದರ್ ತೀಯಾ ಮುಂದೆ, ಬಟ್ಟಲು ಹಿಡಿದು ರೋವೀನಾ ಹಿಂದೆ. ಒಂದು ಸಾಲು ಎದ್ದು ಬಂತು, ಇನ್ನೊಂದು ಹೋಯಿತು. ಹನಿ ಬೀಳಲಿಲ್ಲ. ಆಮೇಲೆ ಗಮನಿಸಿದೆ. ಅವಳು ಎದುರಿಗೆ ಬಂದ ಕೂಡಲೇ ಒಬ್ಬೊಬ್ಬರ ಕೈಯೂ ಬಟ್ಟಲಿನ ಬುಡಕ್ಕೆ ಹೋಗುತ್ತಿತ್ತು, ಮುಂಚೆಯಂತೆ ಎರಡು ಬೆರಳಲ್ಲ, ಇಡೀ ಅಂಗೈ. ಮುಂದಿನವರ ಕೈ ಬರುವವರೆಗೆ ಬಿಡುತ್ತಿರಲಿಲ್ಲ. ಯಾರೂ ಯಾರಿಗೂ ಹೇಳಿಕೊಟ್ಟಂತೆ ಕಾಣಲಿಲ್ಲ. ಥರ್ಮನ್ ಎರಡೂ ಕೈಯಲ್ಲಿ ಹಿಡಿದ. ಹೊಸ ಟೈ ಕಟ್ಟಿದ್ದ.

ನಮ್ಮ ಬೆಂಚಿನ ಸರದಿ ಕೊನೆಗೆ ಬಂತು. ಅಷ್ಟರಲ್ಲಿ ಅವಳ ತುಟಿ ಬೆಳ್ಳಗಾಗಿತ್ತು. ಅಗಾಥಾ ಕುಡಿದಳು. ಅಗಾಥಾಳ ಪಕ್ಕದಲ್ಲಿ ನಾನು, ಎದೆಯ ಮೇಲೆ ಕೈ ಕಟ್ಟಿಕೊಂಡು. ಪಾದ್ರಿ ತಲೆ ಮುಟ್ಟಿ ಹರಸಿ ಆ ಹೊಸ ಹುಡುಗನ ಕಡೆ ಹೋದರು. ಈಗ ಬಟ್ಟಲು ನನ್ನನ್ನು ಬಿಟ್ಟು ಮುಂದಕ್ಕೆ ಹೋಗಬೇಕು. ಹೋಗಲಿಲ್ಲ. ನನ್ನೆದುರೇ ನಿಂತಿತು. ಅಗಾಥಾ ಕೈ ತೆಗೆದಾಗಿತ್ತು, ಆಚೆಯ ಹುಡುಗನಿಗೆ ಕೈ ಕೊಡಬೇಕೆಂದು ತಿಳಿಯದು. ಬಟ್ಟಲಿನೊಳಗೆ ರಸ ಈ ಅಂಚಿಗೂ ಆ ಅಂಚಿಗೂ ಹೊಯ್ದಾಡುತ್ತಿತ್ತು.

"ಡೆಲ್ಮರ್," ಎಂದಳು ಉಸಿರಿನಲ್ಲೇ. "ಹಿಡ್ಕೊಳ್ಳೋ."

ಕೈ ಬಿಚ್ಚಿ ಎರಡೂ ಅಂಗೈಯನ್ನು ಬುಡಕ್ಕೆ ಕೊಟ್ಟೆ. ನಾನು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಇಷ್ಟು ಭಾರವನ್ನು ಅವಳು ಅಷ್ಟು ಜನರ ಮುಂದೆ ಹೊತ್ತು ಬಂದಿದ್ದಳು. ಅವಳ ನಡುಕ ನನ್ನ ಮೊಣಕೈಯವರೆಗೂ ಬಂತು, ಆಮೇಲೆ ಮೆಲ್ಲಗೆ ನಿಂತಿತು. ಅವಳು ಒಂದು ದೀರ್ಘ ಉಸಿರು ಬಿಟ್ಟಳು. ಅಲ್ಲಿಗೆ ನಾನು ಕೈ ತೆಗೆಯಬಹುದಿತ್ತು. ಆದರೆ ಅವಳು ನನ್ನ ಮುಖ ನೋಡಿ, ಬಟ್ಟಲು ಕೊಡುವಾಗ ಹೇಳುವ ಮಾತನ್ನು ಹೇಳಿದಳು. ಚಳಿಗಾಲವೆಲ್ಲ ಅಡುಗೆಮನೆಯ ಕುರ್ಚಿಗಳಿಗೆ ಹೇಳಿದ ಮಾತು. ಇವತ್ತು ನನಗೆ ಹೇಳಿದಳು.

ಕುಡಿದೆ. ಸಿಹಿ, ಸ್ವಲ್ಪ ಒಗರು. ಅಮ್ಮನ ನೆನಪು ಆಗಲೇ ಇಲ್ಲ.

ರೋವೀನಾ ಅಂಚು ಒರೆಸಿ, ಬಟ್ಟಲು ತಿರುಗಿಸಿ, ಆ ಹುಡುಗನ ಮುಂದೆ ಹೋದಳು. ಬುಡಕ್ಕೆ ಕೈ ಕೊಡು ಎಂದು ಅವನಿಗೆ ಸನ್ನೆ ಮಾಡಿದೆ, ಕೊಟ್ಟ. ಮದರ್ ತೀಯಾ ತಿರುಗಿ ನೋಡಿದರು. ರೊಟ್ಟಿ ತಿನ್ನದೆ ರಸ ಕುಡಿದವನು ಅಲ್ಲಿ ನಾನೊಬ್ಬನೇ ಇರಬೇಕು. ವಾಪಸು ಬಂದು, ಏನೂ ಕೇಳದೆ, ನನ್ನ ಅಂಗೈಯಲ್ಲಿ ಒಂದು ರೊಟ್ಟಿಯ ಬಿಲ್ಲೆ ಇಟ್ಟು ಹೋದರು. ತಿಂದೆ. ಬಿಳಿ ಬಟ್ಟೆಯ ಮೇಲೆ ಕೊನೆಯವರೆಗೂ ಒಂದು ಹನಿ ಬೀಳಲಿಲ್ಲ.

ಟ್ರಕ್ಕಿನಲ್ಲಿ ರೋವೀನಾ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆ ಬಂದಿದೆ ಎಂದುಕೊಂಡೆ.

"ಕುಡಿದೆ ನೀನು," ಅಂದಳು ಕಣ್ಣು ತೆರೆಯದೆ.

"ಎರಡೂ ಕೈ ಬಟ್ಟಲ ಮೇಲಿತ್ತಲ್ಲೇ. ಇನ್ನೇನು ಮಾಡ್ಲಿ?"

"ತಲೆ ಅಲ್ಲಾಡ್ಸಬಹುದಿತ್ತು."

"ಅಲ್ಲಾಡ್ಸಿದ್ರೆ ಚೆಲ್ತಿತ್ತು."

ಸೇತುವೆ ದಾಟಿದೆವು. ಆಮೇಲೆ ಕೇಳಿದಳು, "ಮುಂದಿನ ಭಾನುವಾರ ಹೊಳೆಗೆ ಹೋಗ್ತೀಯಾ?"

"ನೀನು ಬಟ್ಟಲು ಹಿಡೀತೀಯಾ?"

"ಹೂಂ, ಹೆಸರು ಹಾಕಿದಾರೆ."

"ಮತ್ತೆ ಅದರ ಬುಡ ಯಾರು ಹಿಡೀಬೇಕು?" ಅಂದೆ.